ಹೆಚ್ಚಾದ ಅಕ್ಕಿ



ಈ ದಿನದ ಅನುಭಾವಕ್ಕೆ ನಾವು ಯಾವ ಗಹನವಾದ ವಿಷಯವನ್ನೂ ಎತ್ತಿಕೊಂಡಿಲ್ಲ. ಊಟದ ವಿಷಯವನ್ನೇ ಮಾತನಾಡಬೇಕೆಂದಿದ್ದೇವೆ. ಪ್ರಸಾದದ ಹೊತ್ತು ಹತ್ತಿರವಾಗುತ್ತಿರುವಾಗ ಊಟದ ಮಾತು ತೆಗೆದರೆ ಯಾರೂ ಎದ್ದು ಹೋಗುವುದಿಲ್ಲವೆಂಬ ಧೈರ್ಯ ನಮಗಿದೆ. ಆದರೆ ಮಾತು ಮುಗಿಯುವ ವೇಳೆಗೆ ನಿಮ್ಮಲ್ಲಿ ಕೆಲವರಿಗೆ ನಮ್ಮ ಮೇಲೆ ಸಿಟ್ಟು ಬಂದರೂ ಬಂದೀತು. ಅದನ್ನು ಮೊದಲೇ ಹೇಳಿಬಿಟ್ಟಿದ್ದೇವೆ.

ಕಳೆದ ತಿಂಗಳು ನಾವು ಚಾರ್ಮಾಡಿ ಘಾಟಿ ಇಳಿದು ದಕ್ಷಿಣ ಕನ್ನಡ ಜಿಲ್ಲೆಗೆ ಹೋಗಿದ್ದೆವು. ನಮ್ಮ ಮಠದ ಭಕ್ತರೊಬ್ಬರು ನೌಕರಿಯ ನಿಮಿತ್ತ ಬೆಳ್ತಂಗಡಿ ತಾಲೂಕಿನಲ್ಲಿ ನೆಲೆಸಿ, ಅಲ್ಲೊಂದು ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಬರಲೇಬೇಕೆಂದು ಹಟ ಹಿಡಿದರು. ಅಲ್ಲಿಂದ ಬಂಟ್ವಾಳ, ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದಿರೆ. ಹೀಗೆ ಐದು ದಿನ ಆ ಸೀಮೆಯಲ್ಲಿ ಸುತ್ತಿದೆವು. ಬಯಲುಸೀಮೆಯ ನಮ್ಮ ಕಣ್ಣಿಗೆ ಆ ಹಸಿರು ಹಬ್ಬದಂತೆ ಕಂಡಿತು. ಎತ್ತ ನೋಡಿದರೂ ಅಡಿಕೆ, ತೆಂಗು, ರಬ್ಬರು. ಪ್ರತಿ ಮನೆಯ ಅಂಗಳಕ್ಕೂ ಡಾಂಬರು ಅಥವಾ ಕಾಂಕ್ರೀಟು ರಸ್ತೆ. ಅಂಗಳದಲ್ಲಿ ಒಂದು ವಾಹನ.

ಗೃಹಪ್ರವೇಶದ ಮರುದಿನ ನೆರೆಮನೆಯ ರೈತರೊಬ್ಬರು ಬಂದು, ತಮ್ಮ ತಾಯಿಗೆ ದರ್ಶನ ಕೊಡಬೇಕೆಂದು ಕರೆದರು. ಇನ್ನೂರು ಮಾರು ದೂರವಿದ್ದೀತು ಅವರ ಮನೆ. ಆ ಇನ್ನೂರು ಮಾರಿಗೂ ಅವರು ಕಾರು ತಂದಿದ್ದರು. ನಾವೂ ಏರಿ ಕುಳಿತೆವು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಮನೆಯಲ್ಲಿ ಮೂರು ತಲೆಮಾರು ಕಂಡೆವು. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಕಡ್ಡಿಯಂಥ ಮೈ, ಬೆನ್ನು ತುಸು ಬಾಗಿದೆ. ಆದರೂ ನಾವು ಹೋದಾಗ ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತಿದ್ದರು. ಮಗನಿಗೆ ಐವತ್ತೈದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು. ಮೊಮ್ಮಗನಿಗೆ ಹದಿನಾಲ್ಕು. ನಮಸ್ಕಾರ ಮಾಡಲು ಬಗ್ಗಿದ ಹುಡುಗ ಏಳುವಾಗ ನೆಲಕ್ಕೆ ಎರಡೂ ಕೈ ಊರಿ, ಉಸಿರು ಬಿಟ್ಟು ಎದ್ದ. ಅಜ್ಜಿ ಬಗ್ಗಿದ್ದೂ ಎದ್ದದ್ದೂ ನಮಗೆ ಗೊತ್ತೇ ಆಗಲಿಲ್ಲ. ನಾವು ಏನೂ ಕೇಳಲಿಲ್ಲ. ಅವರೇ ಮೊಮ್ಮಗನ ತಲೆ ಸವರುತ್ತ ಹೇಳಿದರು: "ಆಗ ನಮಗೆ ಹೊಟ್ಟೆಗೆ ಇರ್ಲಿಲ್ಲ ಸ್ವಾಮೀ. ಈಗ ಇವರಿಗೆ ಹೊಟ್ಟೆಯೇ ಉಂಟು."

ನೀವು ನಗುತ್ತೀರಿ. ಆ ಮನೆಯವರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

ಆಮೇಲೆ ಅವರನ್ನು ಕೂರಿಸಿಕೊಂಡು ಹಿಂದಿನ ಕಥೆ ಕೇಳಿದೆವು. ಅವರದು ಗೇಣಿಯ ಒಕ್ಕಲು. ಬೆಳೆದ ಭತ್ತದಲ್ಲಿ ಧಣಿಗಳಿಗೆ ಅಳೆದು ಕೊಟ್ಟು ಉಳಿದದ್ದು ಮನೆಗೆ. ಗದ್ದೆಗೆ ಮೂರು ಬೆಳೆ: ಏಣೆಲು, ಸುಗ್ಗಿ, ಕೊಳಕೆ. ಮಳೆಯ ನೀರಿಗೆ ಏಣೆಲು. ತೋಡಿಗೆ ಕಟ್ಟ ಕಟ್ಟಿ ನಿಲ್ಲಿಸಿದ ನೀರಿಗೆ ಸುಗ್ಗಿ. ನೀರು ಇನ್ನೂ ಉಳಿದ ತಗ್ಗು ಗದ್ದೆಗೆ ಕೊಳಕೆ. ನೇಜಿ ಕಿತ್ತು ನೆಡುವುದು, ಕಳೆ ತೆಗೆಯುವುದು, ಕೊಯ್ಯುವುದು, ಹೊರೆ ಹೊತ್ತು ತರುವುದು, ಪಡಿಮಂಚಕ್ಕೆ ಬಡಿಯುವುದು. ಅಷ್ಟಕ್ಕೇ ಮುಗಿಯಲಿಲ್ಲ. ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಒನಕೆಯಲ್ಲಿ ಕುಟ್ಟಿದರೆ ಕುಚ್ಚಲಕ್ಕಿ. ಅದರ ಗಂಜಿ, ಜೊತೆಗೆ ಒಂದು ಚೂರು ಉಪ್ಪಿನಕಾಯಿ ಅಥವಾ ಹುರುಳಿ ಚಟ್ನಿ. ಬಾವಿಯಿಂದ ನೀರು ಸೇದುವುದು, ಗುಡ್ಡದಿಂದ ಸೊಪ್ಪು ಸೌದೆ ತರುವುದು, ಕಲ್ಲಿನಲ್ಲಿ ಅರೆಯುವುದು ಬೇರೆ. ಇದನ್ನೆಲ್ಲ ಅವರು ವ್ಯಾಯಾಮವೆಂದು ಮಾಡಲಿಲ್ಲ. ಮಾಡದಿದ್ದರೆ ಉಣ್ಣುವಂತಿರಲಿಲ್ಲ.

ಇನ್ನು ಆಟಿ ತಿಂಗಳು. ಅಲ್ಲಿಯವರ ಆಟಿ ನಮ್ಮ ಆಷಾಢ ಶ್ರಾವಣದ ನಡುವೆ ಬರುತ್ತದೆ. ಹೊರಗೆ ಬಿಡದ ಮಳೆ, ಒಳಗೆ ಖಾಲಿಯಾದ ಅಕ್ಕಿ ಮುಡಿ. ಕೆಸುವಿನ ಎಲೆ, ತಜಂಕಿನ ಸೊಪ್ಪು, ಕಣಿಲೆ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಲಸಿನ ಬೀಜ, ಇವೇ ಜೀವ ಉಳಿಸಿದವು. ಈಗ ಅದೇ ಸೀಮೆಯಲ್ಲಿ 'ಆಟಿಡೊಂಜಿ ದಿನ' ಎಂದು ಸಭಾಭವನಗಳಲ್ಲಿ ಉತ್ಸವ ನಡೆಯುತ್ತದೆ. ಆಟಿಯ ಒಂದು ದಿನ ಎಂದು ಅದರ ಅರ್ಥ. ಬರಗಾಲದ ಆ ತಿನಿಸುಗಳನ್ನೆಲ್ಲ ಇಪ್ಪತ್ತು ಮೂವತ್ತು ಬಗೆಯಾಗಿ ಮಾಡಿ ಬಡಿಸುತ್ತಾರೆ. ಹಸಿವಿನ ನೆನಪಿಗಾಗಿ ಹೊಟ್ಟೆ ಬಿರಿಯ ಊಟ! ಮಕ್ಕಳಿಗೆ ಆ ಸೊಪ್ಪುಗಳ ಹೆಸರಾದರೂ ತಿಳಿಯುತ್ತದಲ್ಲ ಎಂದು ನಾವು ಸಂತೋಷಪಡುತ್ತೇವೆ. ಆದರೂ ಆ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಪತ್ರೊಡೆಯ ಒಂದು ಚೂರನ್ನು ಮಾತ್ರ ತಿಂದು ಎದ್ದರಂತೆ.

ಈ ಬದುಕು ಬದಲಾದದ್ದು ಹೇಗೆ? 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ದೇವರಾಜ ಅರಸರ ಸರ್ಕಾರದ ಕಾಲ. ಗೇಣಿದಾರರು ಡಿಕ್ಲರೇಷನ್ ಕೊಟ್ಟರು, ಭೂನ್ಯಾಯ ಮಂಡಳಿಗಳು ಕುಳಿತವು, ಉಳುವವನು ಹೊಲದ ಒಡೆಯನಾದ. ಅದೇ 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿತ್ತು; ಆ ನೆರೆಯನ್ನೂ ಈ ಕಾನೂನನ್ನೂ ಅಲ್ಲಿಯ ಹಿರಿಯರು ಒಂದೇ ಉಸಿರಿನಲ್ಲಿ ನೆನೆಯುತ್ತಾರೆ. ಭೂಮಿ ಬಂದರೂ ಅದಕ್ಕೆ ಹಾಕಲು ಕೈಯಲ್ಲಿ ಬಂಡವಾಳವಿರಲಿಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಮುಂದೆ ಅದರಲ್ಲಿ ಪ್ರಗತಿಬಂಧು ತಂಡಗಳೆಂದು ಆದವು. ಅಕ್ಕಪಕ್ಕದ ಐದೆಂಟು ರೈತರು ಸೇರಿ ವಾರಕ್ಕೊಂದು ದಿನ ಒಬ್ಬೊಬ್ಬರ ಹೊಲದಲ್ಲಿ ಸರದಿಯ ಮೇಲೆ ದುಡಿಯುವುದು. ಕೂಲಿಯಿಲ್ಲ, ಶ್ರಮಕ್ಕೆ ಶ್ರಮವೇ ಸಾಲ, ಶ್ರಮವೇ ತೀರುವಳಿ. ಈ ಪದ್ಧತಿ ನಮಗೆ ಬಹಳ ಹಿಡಿಸಿತು. ಬಾವಿ ತೋಡಿದರು, ಗುಡ್ಡ ಸಮ ಮಾಡಿದರು, ಅಡಿಕೆ ಗಿಡ ನೆಟ್ಟರು.

ಅಡಿಕೆ ಬಂದ ಮೇಲೆ ಹಣ ಬಂತು. ಹುಡುಗರು ಮಂಗಳೂರಿಗೆ, ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ಹೋದರು. ಅಲ್ಲಿಂದಲೂ ಹಣ ಬಂತು. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಅಡಿಕೆ ತೋಟಕ್ಕೂ ದುಡಿಮೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಭತ್ತದ ಗದ್ದೆಯಂತೆ ಇಡೀ ಮನೆಯನ್ನು, ಹೆಣ್ಣು ಗಂಡು ಮಕ್ಕಳೆನ್ನದೆ, ವರ್ಷದಲ್ಲಿ ಮೂರು ಸಲ ಕೆಸರಿಗೆ ಇಳಿಸುವುದಿಲ್ಲ. ಪಂಪು ನೀರು ಎತ್ತುತ್ತದೆ, ಯಂತ್ರ ಹುಲ್ಲು ಕತ್ತರಿಸುತ್ತದೆ, ಮಿಕ್ಸಿ ಅರೆಯುತ್ತದೆ, ಗ್ಯಾಸು ಉರಿಯುತ್ತದೆ. ನೇಜಿ ನೆಡುವಾಗ ಹೆಂಗಸರು 'ಓ ಬೇಲೆ' ಹಾಡುತ್ತಿದ್ದರಂತೆ. ಈಗ ಆ ಹಾಡು ಬೇಕಾದರೆ ಮೊಬೈಲಿನಲ್ಲಿ ಸಿಗುತ್ತದೆ, ಮೆತ್ತನೆಯ ಕುರ್ಚಿಯ ಮೇಲೆ ಕುಳಿತು ಕೇಳಬಹುದು.

ಮೈಗೆ ಕೆಲಸ ಹೋಯಿತು. ಬಾಯಿಗೆ ಹಿಂದಿನ ಹಸಿವಿನ ನೆನಪು ಹೋಗಲಿಲ್ಲ. ಇದೇ ಕಷ್ಟದ ಮೂಲ. ಉಪವಾಸ ಕಂಡ ತಾಯಿ ಮಗನಿಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸುತ್ತಾಳೆ. ಅದು ಅವಳ ಪ್ರೀತಿ, ತಪ್ಪೆನ್ನುವುದು ಹೇಗೆ? ಆ ಮಗ ತನ್ನ ಮಗನಿಗೆ ಅದೇ ಪ್ರೀತಿಯನ್ನು ಬೇಕರಿಯಿಂದ ಪೊಟ್ಟಣ ಕಟ್ಟಿಸಿ ತರುತ್ತಾನೆ. ಮಿಠಾಯಿ, ಕರಿದ ತಿಂಡಿ, ಬಣ್ಣದ ನೀರಿನ ಬಾಟಲಿ. ಒಂದು ಚಿಕ್ಕ ಬಾಟಲಿ ತಂಪು ಪಾನೀಯದಲ್ಲಿ ಏಳೆಂಟು ಚಮಚ ಸಕ್ಕರೆ ಇರುತ್ತದೆ. ನಿಮ್ಮ ಮನೆಯ ಚಹದ ಲೋಟಕ್ಕೆ ಯಾರಾದರೂ ಎಂಟು ಚಮಚ ಸಕ್ಕರೆ ಸುರಿದರೆ ಬೈಯುವುದಿಲ್ಲವೇ?

ಹಾಗಾದರೆ ಸ್ವಾಮಿಗಳು ಅಭಿವೃದ್ಧಿಯೇ ಬೇಡವೆನ್ನುತ್ತಾರೆಯೇ ಎಂದು ಕೇಳಬೇಡಿ. ಹಸಿವನ್ನು ಹೊಗಳುವ ಅಧಿಕಾರ ಹಸಿಯದೆ ಇರುವ ನಮ್ಮಂಥವರಿಗೆ ಇಲ್ಲ. ಗೇಣಿಯ ಕಾಲ ಮತ್ತೆ ಬರಲಿ ಎಂದು ಆ ಅಜ್ಜಿ ಹೇಳಲಿಲ್ಲ. ಅವರು ಹೆತ್ತ ಮಕ್ಕಳಲ್ಲಿ ಇಬ್ಬರು ಎಳವೆಯಲ್ಲೇ ತೀರಿಕೊಂಡರು. ಕಾಯಿದೆ ಬಂದದ್ದು, ರಸ್ತೆ ಬಂದದ್ದು, ಆಸ್ಪತ್ರೆ ಬಂದದ್ದು ಪುಣ್ಯದ ಕೆಲಸ. ನಮ್ಮ ಮಾತು ಇಷ್ಟೇ: ಬಂದ ಸಂಪತ್ತು ಕಾಲಿನಿಂದ ಏನನ್ನು ಕಿತ್ತುಕೊಂಡಿತು, ತಟ್ಟೆಗೆ ಏನನ್ನು ಹಾಕಿತು, ಇದರ ಲೆಕ್ಕವನ್ನು ಯಾರೂ ಇಡಲಿಲ್ಲ.

ಬೊಜ್ಜು ಎಂದರೆ ಸಾಹುಕಾರರ ರೋಗ ಎಂದು ನೀವು ತಿಳಿದಿದ್ದರೆ ಬಂಟ್ವಾಳದ ಕಡೆಯ ಒಂದು ಸಣ್ಣ ಮನೆಯ ಜಗಲಿಗೆ ನಮ್ಮೊಡನೆ ಬನ್ನಿ. ಒಬ್ಬ ತಾಯಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾಳೆ. ಆ ಮೊರಕ್ಕೆ ತುಳುವಿನಲ್ಲಿ ತಡ್ಪೆ ಎನ್ನುತ್ತಾರೆ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಮಾಡಿ, ನೂಲು ಸುತ್ತಬೇಕು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಎರಡು ತಲೆಮಾರಿನ ಹೆಣ್ಣುಮಕ್ಕಳು ಆ ಸೀಮೆಯಲ್ಲಿ ಈ ದುಡಿಮೆಯಿಂದಲೇ ಮಕ್ಕಳನ್ನು ಓದಿಸಿದ್ದಾರೆ, ಮಗಳಿಗೆ ಬಂಗಾರ ಮಾಡಿಸಿದ್ದಾರೆ. ಈಗ ಆ ಕೆಲಸ ಇಳಿಮುಖವಾಗಿದೆ, ಆದರೂ ನಿಂತಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬೆರಳು ಓಡುತ್ತದೆ. ಕಾಲು, ಸೊಂಟ, ಬೆನ್ನು ಕಲ್ಲಿನಂತೆ ಕುಳಿತಿರುತ್ತವೆ. ಇವಳನ್ನು ಸೋಮಾರಿ ಎನ್ನುವ ಬಾಯಿ ಯಾವುದಿದೆ? ಇವಳು ಕಾಯಕಜೀವಿ. ಆದರೆ ಇವಳ ಕಾಯಕ ಕುಳಿತು ಮಾಡುವ ಕಾಯಕ. ಊಟವೋ, ಅಗ್ಗವಾಗಿ ಸಿಗುವ ಬಿಳಿ ಅಕ್ಕಿಯ ಅನ್ನ, ಮೇಲೊಂದು ತೆಳ್ಳನೆಯ ಸಾರು. ತರಕಾರಿ ಕೊಳ್ಳುವುದು ಅಳತೆ ನೋಡಿ, ಹಣ್ಣು ಕೊಳ್ಳುವುದು ಹಬ್ಬಕ್ಕೆ. ಮೈ ದಪ್ಪವಾಗುತ್ತದೆ, ರಕ್ತ ತೆಳ್ಳಗಾಗುತ್ತದೆ. ಪಡಿತರದಲ್ಲಿ ಬಿಳಿ ಅಕ್ಕಿಯ ಬದಲು ಕುಚ್ಚಲಕ್ಕಿ ಕೊಡಿ ಎಂದು ಆ ಜಿಲ್ಲೆಯವರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಅದು ರುಚಿಯ ಮಾತು ಮಾತ್ರವಲ್ಲ. ಭತ್ತವನ್ನು ಬೇಯಿಸಿದಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಹೆಚ್ಚು ಪಾಲಿಶ್ ಮಾಡದಿದ್ದರೆ ನಾರೂ ಉಳಿಯುತ್ತದೆ. ಅಜ್ಜಿಯರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಕುಚ್ಚಲಕ್ಕಿ ಉಂಡರೆ ಬೇಗ ಹಸಿವಾಗುವುದಿಲ್ಲವೆಂಬುದು ಗೊತ್ತಿತ್ತು.

ಲೆಕ್ಕವನ್ನೂ ಸ್ವಲ್ಪ ಹೇಳುತ್ತೇವೆ, ಬೇಸರಪಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಂದು ಸರ್ಕಾರದವರು ನಡೆಸುತ್ತಾರೆ. ನಮ್ಮ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎತ್ತರಕ್ಕೆ ಮೀರಿದ ತೂಕವಿದ್ದವರು 2015-16ರಲ್ಲಿ ನೂರಕ್ಕೆ ಸುಮಾರು 23. 2019-21ರಲ್ಲಿ ಸುಮಾರು 30. ಗಂಡಸರದೂ ಹೆಚ್ಚುಕಡಿಮೆ ಹೀಗೆಯೇ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 17 ಹೆಣ್ಣುಮಕ್ಕಳು ಇನ್ನೂ ತೀರಾ ಸಣಕಲು, ಅರ್ಧಕ್ಕೆ ಹತ್ತಿರ ಹತ್ತಿರ ಹೆಣ್ಣುಮಕ್ಕಳಿಗೆ ರಕ್ತಹೀನತೆ. ಒಂದೇ ನಾಡಿನಲ್ಲಿ, ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಈ ಎರಡೂ ಇವೆ. ಇನ್ನು ಸಕ್ಕರೆ ಕಾಯಿಲೆ: ದೇಶದಲ್ಲಿ ಹತ್ತು ಕೋಟಿಗೂ ಮೇಲೆ ಜನರಿಗೆ ಇದೆಯೆಂದು 2023ರಲ್ಲಿ ಪ್ರಕಟವಾಯಿತು. ನಮ್ಮ ಜನರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಹೋಗಿ ಕೂಡುತ್ತದೆ; ಆದುದರಿಂದ ಬೇರೆ ದೇಶದವರಿಗಿಂತ ಕಡಿಮೆ ತೂಕದಲ್ಲಿಯೇ ನಮಗೆ ಈ ರೋಗ ಅಂಟುತ್ತದೆ. ತೂಕದ ಯಂತ್ರವಿಲ್ಲದವರು ಒಂದು ದಾರ ತೆಗೆದುಕೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದ್ದರೆ ಎಚ್ಚರವಾಗಬೇಕು.

ಮೂಡಬಿದಿರೆಯಲ್ಲಿ ನಾವು ಸಾವಿರ ಕಂಬದ ಬಸದಿಯನ್ನು ನೋಡಿದೆವು. 1430ರಲ್ಲಿ ಕಟ್ಟಿದ್ದು. ಒಬ್ಬರು ಹಿರಿಯ ಜೈನ ಶ್ರಾವಕರು ನಮ್ಮೊಡನೆ ಬಂದು ಕಂಬ ಕಂಬವನ್ನೂ ತೋರಿಸಿದರು. ಇಳಿಹೊತ್ತಾಯಿತು. ಅವರು ಕೈಮುಗಿದು, "ಸೂರ್ಯ ಮುಳುಗುವ ಮುಂಚೆ ನನ್ನ ಊಟ ಆಗಬೇಕು, ಅಪ್ಪಣೆಯಾಗಬೇಕು" ಎಂದು ಹೊರಟರು. ಅವರ ಧರ್ಮದ ನಿಯಮ ಅದು. ಅದೇ ಊರು ಈಗ ದೊಡ್ಡ ವಿದ್ಯಾಕ್ಷೇತ್ರ. ದೂರದೂರದಿಂದ ಸಾವಿರಾರು ಮಕ್ಕಳು ಬಂದು ಓದುತ್ತಾರೆ. ರಾತ್ರಿ ಹತ್ತು ಗಂಟೆಗೆ ನಮ್ಮ ವಾಹನ ಪೇಟೆಯಲ್ಲಿ ಬಂದಾಗ ತಿಂಡಿ ಅಂಗಡಿಗಳ ಮುಂದೆ ಜಾತ್ರೆಯಂತೆ ಯುವಕರು ನಿಂತಿದ್ದರು. ಒಂದು ಊರಿನಲ್ಲಿ ಎರಡು ಗಡಿಯಾರ ನಡೆಯುತ್ತಿವೆ. ಮಕ್ಕಳನ್ನು ಬೈಯಲು ನಮಗೆ ಮನಸ್ಸಾಗಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ನಡೆಯಲು ಎಷ್ಟೋ ಕಡೆ ಒಂದು ಗೇಣು ಜಾಗವಿಲ್ಲ. ತಾಯಂದಿರು ಮಕ್ಕಳನ್ನು ಶಾಲೆಗೆ ನಡೆಸಿ ಕಳಿಸಲು ಹೆದರುತ್ತಾರೆ. ರಸ್ತೆ ಮಾಡುವವರು ಚಕ್ರಕ್ಕೆ ದಾರಿ ಮಾಡಿದರು, ಪಾದಕ್ಕೆ ಮರೆತರು.

ಪಾದವೆಂದಾಗ ನಮ್ಮ ಕಥೆಗೆ ಬರಬೇಕು. ಕಾರಿನ ಮಾತು ನೆನಪಿನಲ್ಲಿಡಿ ಎಂದಿದ್ದೆವಲ್ಲ. ಊರಿಗೆ ಹಿಂದಿರುಗಿದ ಮೇಲೆ ವೈದ್ಯರು ನಮ್ಮನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ದಾರ ಹಿಡಿದು ಸೊಂಟ ಅಳೆದರು. ರಕ್ತ ಪರೀಕ್ಷೆ ಮಾಡಿಸಿದರು. ನಮಗೂ ಸಕ್ಕರೆ ಕಾಯಿಲೆ ಬಂದಿದೆ. ಇದನ್ನು ಮುಚ್ಚಿಡಿ ಎಂದು ಮಠದ ಹಿರಿಯರು ಹೇಳಿದರು. ಏಕೆ ಮುಚ್ಚಿಡಬೇಕು? ನಮ್ಮ ಹಿರಿಯ ಗುರುಗಳು ಊರಿಂದ ಊರಿಗೆ ನಡೆದು ಭಿಕ್ಷೆ ಮಾಡಿ ಈ ಮಠ ಕಟ್ಟಿದರು. ಜಂಗಮ ಎಂದರೆ ಚಲಿಸುವವನು. ನೀವು ನಮ್ಮ ಪಾದಪೂಜೆ ಮಾಡುತ್ತೀರಿ, ಆದರೆ ಆ ಪಾದವನ್ನು ನೆಲಕ್ಕೆ ಊರಲು ಬಿಡುವುದಿಲ್ಲ. ಬಾಗಿಲಿಗೆ ಕಾರು ತರುತ್ತೀರಿ, ಕುಳಿತ ಕಡೆಗೆ ಹಾಲು ಹಣ್ಣು ತರುತ್ತೀರಿ, ಒಂದೊಂದು ಮನೆಯಲ್ಲೂ ಹೋಳಿಗೆ ಬಡಿಸಿ, ಬೇಡವೆಂದರೆ ಕಣ್ಣಲ್ಲಿ ನೀರು ತರುತ್ತೀರಿ. ನಾವೂ ಬೇಡವೆನ್ನಲಿಲ್ಲ. ಹೀಗೆ ಚಲಿಸಬೇಕಾದ ಜಂಗಮ ಸ್ಥಾವರವಾಗಿ ಕುಳಿತುಬಿಟ್ಟಿತು. ತಪ್ಪು ನಿಮ್ಮದು ಅರ್ಧ, ನಮ್ಮದು ಅರ್ಧ. ಲೆಕ್ಕ ಸರಿಯಾಗಿ ಹಾಕಿದರೆ ನಮ್ಮದೇ ಹೆಚ್ಚು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು, ಅದರಲ್ಲಿಯೇ ದಾಸೋಹ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿ ಬಂತು. ಲಕ್ಕಮ್ಮ ಬಾಗಿಲಲ್ಲೇ ತಡೆದು, ಇದು ನಮ್ಮ ಅಳತೆಯದಲ್ಲ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂಬರ್ಥದಲ್ಲಿ ಗಂಡನನ್ನು ಹಿಂದಕ್ಕೆ ಕಳಿಸಿದರು. ಇದನ್ನು ನಾವು ಎಷ್ಟೋ ವರ್ಷ ಆಸೆಯ ಕಥೆಯೆಂದು ಹೇಳುತ್ತ ಬಂದೆವು. ಈಗ ಆ ತಾಯಿಯ ಕಣ್ಣು ನಮಗೆ ಬೇರೆಯಾಗಿ ಕಾಣುತ್ತದೆ. ಅಕ್ಕಿಯನ್ನು ನೋಡಿದೊಡನೆ ಇದು ಹೆಚ್ಚು ಎಂದು ಅವರಿಗೆ ಹೇಗೆ ತಿಳಿಯಿತು? ಎಷ್ಟು ಬೇಕೆಂಬುದು ತಿಳಿದಿತ್ತು. ನಮಗೆ ಅದೊಂದು ತಿಳಿಯದು. ಮೂಟೆ ಮೂಟೆಯಾಗಿ ಅಕ್ಕಿ ಮನೆಯೊಳಗೆ ಬರುತ್ತದೆ, ಬಾಗಿಲಲ್ಲಿ ತಡೆಯುವವರಿಲ್ಲ. ಮಡಿಲಿಗೆ ಬಂದ ಅಕ್ಕಿಯನ್ನು ಹಿಂದಕ್ಕೆ ಸುರಿಯಬಹುದು. ಮೈಗೆ ಹತ್ತಿದ್ದನ್ನು ಹಿಂದಕ್ಕೆ ಕೊಡಲು ಬೆವರೊಂದೇ ದಾರಿ.

ಈಗ ಸಿಟ್ಟು ಬರುವ ಮಾತು. ನಮ್ಮ ಮಠದ ದಾಸೋಹದಲ್ಲಿ ದಿನವೂ ಪಾಯಸವೋ ಬೂಂದಿಯೋ ಒಂದು ಸಿಹಿ, ಅದರ ಮೇಲೆ ರಾಶಿ ಬಿಳಿ ಅನ್ನ ನಡೆಯುತ್ತಿದೆಯಷ್ಟೆ. ಬರುವ ಅಮಾವಾಸ್ಯೆಯಿಂದ ಸಿಹಿ ಅಮಾವಾಸ್ಯೆಗೆ ಮತ್ತು ಜಾತ್ರೆಗೆ ಮಾತ್ರ. ಉಳಿದ ದಿನ ರಾಗಿಮುದ್ದೆ ಅಥವಾ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪಿನ ಸಾರು, ಒಂದು ಅಳತೆಯ ಅನ್ನ, ಮಜ್ಜಿಗೆ. ಹಸಿದು ಬಂದವರಿಗೆ, ಕೂಲಿ ಮಾಡುವವರಿಗೆ, ಓದುವ ಮಕ್ಕಳಿಗೆ ಎಷ್ಟು ಕೇಳಿದರೂ ಬಡಿಸಬೇಕೆಂದು ಅಡುಗೆಯವರಿಗೆ ಅಪ್ಪಣೆಯಾಗಿದೆ. ಅಲ್ಲಿ ಕೈ ಹಿಡಿಯುವಂತಿಲ್ಲ. ಸಿಹಿಯಿಲ್ಲದ ದಾಸೋಹ ಮಠಕ್ಕೆ ಅವಮಾನವೆಂದು ಇಬ್ಬರು ಹಿರಿಯರು ನಿನ್ನೆ ಬಂದು ನೊಂದು ಹೇಳಿದರು. ಒಬ್ಬರು ತಮ್ಮ ತಂದೆಯ ಹೆಸರಿನಲ್ಲಿ ಸಕ್ಕರೆಗೆಂದೇ ದತ್ತಿ ಇಟ್ಟವರು. ಅವರ ನೋವು ನಮಗೆ ಅರ್ಥವಾಗುತ್ತದೆ. ಆ ಬಡ್ಡಿಯಲ್ಲಿ ಇನ್ನು ಮುಂದೆ ವಿದ್ಯಾರ್ಥಿ ನಿಲಯದ ಮಕ್ಕಳಿಗೆ ಮೊಳಕೆ ಕಾಳು, ಹಣ್ಣು ಕೊಡುವುದೆಂದು ಕೇಳಿಕೊಂಡಿದ್ದೇವೆ. ಅವರು ಇನ್ನೂ ಒಪ್ಪಿಲ್ಲ. ಇಲ್ಲಿಯೇ ಕುಳಿತಿದ್ದಾರೆ, ತಲೆ ಬಗ್ಗಿಸಿಕೊಂಡಿದ್ದಾರೆ. ಯೋಚಿಸಲಿ, ನಮಗೆ ಆತುರವಿಲ್ಲ.

ಇನ್ನೊಂದು. ಬೆಳ್ತಂಗಡಿಯ ಆ ಸರದಿ ದುಡಿಮೆಯನ್ನು ಇಲ್ಲಿಯೂ ಮಾಡೋಣವೆಂದಿದ್ದೇವೆ. ಮಠದ ಹಿಂದಿನ ಕೆರೆಯಲ್ಲಿ ಹೂಳು ತುಂಬಿ ವರ್ಷಗಳಾದವು. ಯಂತ್ರ ತರಿಸಿದರೆ ಎರಡು ದಿನದ ಕೆಲಸ ಎನ್ನುತ್ತೀರಿ, ನಿಜ. ಯಂತ್ರ ಬೇಡ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಓಣಿಯವರ ಸರದಿ. ನಾಳೆ ಮೊದಲ ಸರದಿ ಪೇಟೆ ಓಣಿಯವರದು. ಅಂಗಡಿ ತೆರೆಯುವ ಮೊದಲು ಒಂದೂವರೆ ಗಂಟೆ ಬಂದರೆ ಸಾಕು. ಮೊಣಕಾಲು ನೋವಿದ್ದವರು ಬುಟ್ಟಿ ಹೊರಬೇಡಿ, ಏರಿಯ ಮೇಲೆ ನಡೆಯಿರಿ. ಎದೆನೋವು ಇರುವವರು ವೈದ್ಯರನ್ನು ಕೇಳಿ ಬನ್ನಿ. ಗುದ್ದಲಿ, ಬುಟ್ಟಿ ಮಠದಲ್ಲಿವೆ. ಆರು ಗಂಟೆಗೆ ನಾವು ನಡೆದೇ ಬರುತ್ತೇವೆ, ಯಾರೂ ಕಾರು ತರಬೇಡಿ. ಪ್ರಸಾದಕ್ಕೆ ಹೊತ್ತಾಯಿತು, ಏಳಿ.